ಹಳೆಯ ವ್ಯಾನಿನ ಪೆಟ್ರೋಲು ವಾಸನೆ

ಧಾರವಾಡದಿಂದ ಅಳ್ನಾವರದ ಕಡೆಗೆ ಸಾಗುವ ರೈಲುದಾರಿಯಲ್ಲಿ ಸಿಗುವ ಮುಗದ, ಸುತ್ತಲಿನ ಜನರಿಗೆ ಎರಡು ಕಾರಣಗಳಿಂದ ಪರಿಚಿತವಾದ ಊರು. ಒಂದು, ಅಲ್ಲಿಯ ಕುಂಬಾರರ ಮಣ್ಣಿನ ಪಾತ್ರೆ. ಇನ್ನೊಂದು, ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರದ ಭತ್ತ. ಆ ಕೇಂದ್ರದಿಂದ ಬಂದ ತಳಿಗಳಲ್ಲಿ ಒಂದಕ್ಕೆ ‘ಮುಗದ ಸುಗಂಧ’ ಎಂದೇ ಹೆಸರು. ಸುವಾಸನೆಯ ಅಕ್ಕಿಗಳಿಗೆ ಪರಿಮಳ ಕೊಡುವ ಮುಖ್ಯ ದ್ರವ್ಯ ಕಾಳಿನಲ್ಲಿರುವುದು ಅತ್ಯಲ್ಪ ಪ್ರಮಾಣದಲ್ಲಿ. ಆದರೂ ಒಲೆಯ ಮೇಲೆ ಅನ್ನ ಕುದಿಯತೊಡಗಿದರೆ ಪಡಸಾಲೆಯಲ್ಲಿ ಕುಳಿತವರ ಮೂಗು ಅದನ್ನು ಹಿಡಿಯುತ್ತದೆ. ಮೂಗಿನ ಶಕ್ತಿ ಅಂಥದು. ಅದರ ಮಿತಿಯೂ ಅಲ್ಲಿಯೇ ಇದೆ. ಏನೋ ಇದೆ ಎಂದು ಅದು ಹೇಳಬಲ್ಲದು. ಎಷ್ಟಿದೆ, ಎಲ್ಲಿದೆ ಎಂದು ಹೇಳಲಾರದು. ನಾನು ಇಲ್ಲಿ ಹೇಳಹೊರಟಿರುವುದು ಸುಗಂಧದ ಮಾತಲ್ಲ. ಮುಗದದಂಥ ಊರುಗಳಲ್ಲಿ ಇಂದಿಗೂ ಓಡಾಡುತ್ತಿರುವ ಹಳೆಯ ಮಾರುತಿ ವ್ಯಾನಿನೊಳಗೆ ಒಮ್ಮೊಮ್ಮೆ ಏಳುವ ಪೆಟ್ರೋಲಿನ ವಾಸನೆಯ ಮಾತು.

ಈ ವ್ಯಾನು ನಮ್ಮ ರಸ್ತೆಗಿಳಿದದ್ದು ೧೯೮೪ರಲ್ಲಿ. ೧೯೮೮ರಲ್ಲಿ ಅದಕ್ಕೆ ಓಮ್ನಿ ಎಂದು ಹೆಸರಾಯಿತು. ೨೦೧೯ರಲ್ಲಿ ತಯಾರಿಕೆ ನಿಂತಿತು. ಈ ಮೂವತ್ತೈದು ವರ್ಷಗಳಲ್ಲಿ ಅದು ಮಕ್ಕಳನ್ನು ಶಾಲೆಗೆ, ರೋಗಿಯನ್ನು ಆಸ್ಪತ್ರೆಗೆ, ಬಾಣಂತಿಯನ್ನು ತವರಿಗೆ, ಕಾಯಿಪಲ್ಲೆಯನ್ನು ಸಂತೆಗೆ ಮುಟ್ಟಿಸಿದೆ. ಅದರ ಮೂರು ಸಿಲಿಂಡರಿನ, ೭೯೬ ಸಿ.ಸಿ.ಯ ಎಂಜಿನ್ನು ಕಾರಿನ ಎಂಜಿನ್ನಿನಂತೆ ಮುಂದಿನ ಮೂತಿಯಲ್ಲಿಲ್ಲ. ಮುಂದಿನ ಆಸನಗಳ ಕೆಳಗೇ ಇದೆ. ಕಾರಿನಲ್ಲಿ ಎಂಜಿನ್ನಿಗೂ ಕುಳಿತವರಿಗೂ ನಡುವೆ ಒಂದು ಗೋಡೆಯಿದ್ದರೆ, ಇಲ್ಲಿರುವುದು ಆಸನದ ಕೆಳಗಿನ ಒಂದು ಮುಚ್ಚಳ. ಆದ್ದರಿಂದ ಎಂಜಿನ್ನಿನ ಬಳಿ ಹುಟ್ಟಿದ ವಾಸನೆ ಮೊದಲು ತಲುಪುವುದು ಕುಳಿತವರನ್ನೇ. ಮುಂದೆ ಬಂದ ವ್ಯಾನುಗಳಲ್ಲಿ ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಏರ್ಪಾಡು ಬಂದಿತು. ಇಲ್ಲಿಯ ವಿಚಾರ ಅದಕ್ಕಿಂತ ಹಿಂದಿನ, ಕಾರ್ಬ್ಯುರೇಟರ್ ಇರುವ ವ್ಯಾನುಗಳದು.

ವಾಸನೆಯನ್ನು ಏಕೆ ಲಘುವಾಗಿ ಎಣಿಸಬಾರದೆಂಬುದನ್ನು ಮೊದಲು ನೋಡೋಣ. ಉರಿಯುವುದು ಪೆಟ್ರೋಲಲ್ಲ, ಅದರ ಆವಿ. ಹಿಮಗಟ್ಟುವ ಚಳಿಯಲ್ಲಿಯೂ ಪೆಟ್ರೋಲು ಹೊತ್ತಿಕೊಳ್ಳಲು ಸಾಕಾಗುವಷ್ಟು ಆವಿಯನ್ನು ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇಳದೆ, ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಸುಮಾರು ಒಂದೂವರೆ ಪಾಲು ಬೆರೆತರೆ ಕಿಡಿಯೊಂದು ಸಾಕು. ನೂರು ಮಿಲಿಲೀಟರ್, ಎಂದರೆ ಒಂದು ಸಣ್ಣ ಚಹದ ಲೋಟದಷ್ಟು ಪೆಟ್ರೋಲು, ಸುಮಾರು ಇಪ್ಪತ್ತು ಲೀಟರ್ ಆವಿಯಾಗುತ್ತದೆ. ಅದು ಸಾವಿರ ಲೀಟರಿಗೂ ಮಿಕ್ಕಿದ ಗಾಳಿಯನ್ನು ಉರಿಯಬಲ್ಲ ಮಿಶ್ರಣವಾಗಿ ಮಾರ್ಪಡಿಸಬಲ್ಲದು. ಇನ್ನು ನಷ್ಟದ ಲೆಕ್ಕ. ಹತ್ತು ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೆ ದಿನಕ್ಕೆ ೮,೬೪೦ ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ ೪೩೦ ಮಿಲಿಲೀಟರ್, ತಿಂಗಳಿಗೆ ಸುಮಾರು ೧೩ ಲೀಟರ್. ಹನಿ ಸಣ್ಣದೆಂದು ಸುಮ್ಮನಿರುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಮೂಗಿಗೆ ಇನ್ನೊಂದು ದೌರ್ಬಲ್ಯವಿದೆ. ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಅದು ದಣಿದು, ಆ ವಾಸನೆಯನ್ನು ಇಲ್ಲವೆಂದೇ ಎಣಿಸತೊಡಗುತ್ತದೆ. ದಿನವೂ ವ್ಯಾನು ನಡೆಸುವವನಿಗೆ ತಿಳಿಯದ ವಾಸನೆ ಅಪರೂಪಕ್ಕೆ ಹತ್ತಿದ ಅಜ್ಜಿಗೆ ಬಾಗಿಲು ಸರಿಸಿದ ಕೂಡಲೇ ತಿಳಿಯುತ್ತದೆ. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡರೆ ಅದನ್ನು ವಯಸ್ಸಾದವರ ಸೂಕ್ಷ್ಮವೆಂದು ತಳ್ಳಿಹಾಕದೆ, ಸಾಕ್ಷಿಯ ಮಾತೆಂದು ಕೇಳಿಕೊಳ್ಳಬೇಕು.

ಹಾಗಾದರೆ ಹುಡುಕುವುದು ಹೇಗೆ? ಸಾಮಾನ್ಯವಾಗಿ ನಾವು ಕೇಳುವುದು ‘ವಾಸನೆ ಎಲ್ಲಿಂದ ಬರುತ್ತಿದೆ’ ಎಂಬ ಪ್ರಶ್ನೆಯನ್ನು. ಅದಕ್ಕೆ ಉತ್ತರ ಸಿಗುವುದು ಕಷ್ಟ. ಭಾರವಾದ ಆವಿ ಹುಟ್ಟಿದಲ್ಲಿ ನಿಲ್ಲದೆ ನೆಲಹಾಸಿನ ಕೆಳಗೆ ಹರಿದು ಇನ್ನೆಲ್ಲಿಯೋ ಮೇಲೇಳುತ್ತದೆ. ಅದರ ಬದಲು ‘ವಾಸನೆ ಯಾವಾಗ ಬರುತ್ತದೆ’ ಎಂದು ಕೇಳಿದರೆ ದಾರಿ ಸುಲಭವಾಗುತ್ತದೆ. ಕಾಲವೇ ಇಲ್ಲಿ ಸ್ಥಳವನ್ನು ತೋರಿಸುತ್ತದೆ.

ಟ್ಯಾಂಕು ತುಂಬಿಸಿದ ದಿನ ಮಾತ್ರ ವಾಸನೆ ಬಂದು, ಅರ್ಧ ಖಾಲಿಯಾದ ಮೇಲೆ ನಿಂತುಹೋಗುತ್ತದೆಯೆ? ಹಾಗಿದ್ದರೆ ದೋಷವಿರುವುದು ಟ್ಯಾಂಕಿನ ಮೇಲ್ಭಾಗದಲ್ಲಿ: ಪೆಟ್ರೋಲು ಹಾಕುವ ಕೊಳವೆಯ ರಬ್ಬರಿನ ಜೋಡಣೆ, ಗಾಳಿಯಾಡುವ ಸಣ್ಣ ಪೈಪು, ಮುಚ್ಚಳದ ವಾಶರು, ಇಲ್ಲವೇ ಪೆಟ್ರೋಲಿನ ಮಟ್ಟ ತೋರಿಸುವ ಫ್ಲೋಟು ಕುಳಿತಿರುವ ತೂತಿನ ಪ್ಯಾಕಿಂಗು. ತಿರುವಿನಲ್ಲಿ ವಾಸನೆ ಹೆಚ್ಚಾದರೆ ಈ ಅನುಮಾನ ಗಟ್ಟಿಯಾಗುತ್ತದೆ. ಇನ್ನೊಂದು ವಿಷಯವೂ ಉಂಟು. ಪೆಟ್ರೋಲು ಒಂದು ಡಿಗ್ರಿ ಕಾವಿಗೆ ಸಾವಿರಕ್ಕೆ ಒಂದು ಪಾಲಿನಷ್ಟು ಹಿಗ್ಗುತ್ತದೆ. ನೆಲದಡಿಯ ತಂಪಾದ ತೊಟ್ಟಿಯಿಂದ ೩೦ ಲೀಟರನ್ನು ಕುತ್ತಿಗೆಯವರೆಗೆ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದಾಗ, ೨೦ ಡಿಗ್ರಿ ಕಾವೇರಿದರೆ ಅದು ಅರ್ಧ ಲೀಟರಿಗೂ ಹೆಚ್ಚು ಹಿಗ್ಗಿ ಹೊರದಾರಿಯನ್ನು ಹುಡುಕುತ್ತದೆ. ಪಂಪಿನ ನಳಿಕೆ ತಾನಾಗಿ ನಿಂತ ಮೇಲೆ ಇನ್ನಷ್ಟು ಒತ್ತಿ ತುಂಬಿಸದಿರುವುದೇ ಇದಕ್ಕೆ ಮದ್ದು.

ರಾತ್ರಿಯಿಡೀ ನಿಂತ ವ್ಯಾನಿನಲ್ಲಿ ಬೆಳಗ್ಗೆ ವಾಸನೆಯೆ? ಆಗ ಟ್ಯಾಂಕಿನ ತಳದ ಬೆಸುಗೆಯನ್ನು, ತುಕ್ಕು ಹಿಡಿದ ಕಬ್ಬಿಣದ ಪೈಪನ್ನು, ತಗ್ಗಿನಲ್ಲಿರುವ ರಬ್ಬರ್ ಪೈಪುಗಳನ್ನು ನೋಡಬೇಕು. ಓಡುತ್ತಿರುವಾಗ ಮಾತ್ರ ವಾಸನೆಯಿದ್ದರೆ ಪಂಪಿನಿಂದ ಮುಂದಿನ, ಒತ್ತಡ ಬೀಳುವ ಭಾಗದಲ್ಲಿ ದೋಷ: ಸಡಿಲವಾದ ಕ್ಲಿಪ್ಪು, ಸೀಳಿದ ಪೈಪಿನ ತುದಿ. ಬಿಸಿಯಾಗಿ ನಿಲ್ಲಿಸಿದ ಹತ್ತು ನಿಮಿಷದಲ್ಲಿ ಅಲ್ಪ ವಾಸನೆ ಎದ್ದು ಅಡಗಿದರೆ, ಎಂಜಿನ್ನಿನ ಕಾವಿಗೆ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲು ಆವಿಯಾಗುತ್ತಿದೆಯೆಂದು ತಿಳಿಯಬೇಕು; ಹಳೆಯ ಗಾಡಿಗಳಲ್ಲಿ ಇದು ಸ್ವಲ್ಪಮಟ್ಟಿಗೆ ಸಹಜ. ಅಡಗದೆ ಉಳಿದರೆ, ಬಟ್ಟಲಿಗೆ ಬಾಗಿಲು ಕಾಯುವ ನೀಡಲ್ ಸವೆದು, ಪೆಟ್ರೋಲು ತುಂಬಿ ಚೆಲ್ಲುತ್ತಿದೆ.

ಎಲ್ಲಿಯೂ ತೂತಿಲ್ಲದೆ ಸೋರುವುದೂ ಉಂಟು. ಇದನ್ನು ಮುಗದದ ಕುಂಬಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣಿನ ಕೊಡದಲ್ಲಿ ಬಿರುಕಿರದಿದ್ದರೂ ಅದರ ಮೈ ಒಸರುತ್ತದೆ. ಒಸರಿದ ನೀರು ಆವಿಯಾಗುವುದರಿಂದಲೇ ಒಳಗಿನ ನೀರು ತಣ್ಣಗಾಗುತ್ತದೆ. ಮುಪ್ಪಾದ ರಬ್ಬರ್ ಪೈಪೂ ಹೀಗೆಯೇ ತನ್ನ ಮೈಯೆಲ್ಲ ಪೆಟ್ರೋಲಿನ ಆವಿಯನ್ನು ಬೆವರುತ್ತದೆ. ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಪೈಪನ್ನು ಬಗ್ಗಿಸಿದಾಗ ಸಣ್ಣ ಬಿರುಕುಗಳು ಕಂಡರೆ, ಇಲ್ಲವೇ ಅದು ಹಪ್ಪಳದಂತೆ ಬಿರುಸಾಗಿ, ಅಥವಾ ಊದಿ ಮೆತ್ತಗಾಗಿ ತೋರಿದರೆ, ಬದಲಿಸುವ ಕಾಲ ಬಂದಿತೆಂದೇ ಅರ್ಥ.

ವಾಸನೆಯಿಲ್ಲದ ನಷ್ಟ ಇನ್ನೂ ಕಪಟಿ. ಮೀಟರಿನ ಮುಳ್ಳು ಬೇಗ ಇಳಿಯುತ್ತದೆ, ನೆಲದ ಮೇಲೆ ಕಲೆಯಿಲ್ಲ. ಆಗ ಎಂಜಿನ್ ಆಯಿಲಿನ ಕಡ್ಡಿಯನ್ನು ಎಳೆದು ಮೂಸಿ ನೋಡಬೇಕು. ಈ ವ್ಯಾನುಗಳ ಪೆಟ್ರೋಲು ಪಂಪನ್ನು ನಡೆಸುವುದು ಎಂಜಿನ್ನೇ. ಪಂಪಿನೊಳಗಿನ ರಬ್ಬರಿನ ಪೊರೆ, ಅಂದರೆ ಡಯಾಫ್ರಮ್, ಹರಿದರೆ ಪೆಟ್ರೋಲು ಹೊರಗೆ ಬರದೆ ನೇರವಾಗಿ ಎಂಜಿನ್ ಆಯಿಲಿಗೆ ಇಳಿಯಬಹುದು. ಆಯಿಲು ಹಾಕದೆಯೇ ಅದರ ಮಟ್ಟ ಏರಿದ್ದರೆ ಅದು ಲಾಭವಲ್ಲ. ತೆಳುವಾದ ಆಯಿಲು ಬೇರಿಂಗುಗಳನ್ನು ಕಾಪಾಡಲಾರದು. ಅಂಥ ವ್ಯಾನನ್ನು ಓಡಿಸದೆ, ಪಂಪು ಮತ್ತು ಆಯಿಲು ಎರಡನ್ನೂ ಬದಲಿಸಬೇಕು. ಕಡ್ಡಿ ಶುದ್ಧವಾಗಿದ್ದು, ಪ್ಲಗ್ಗುಗಳು ಮಸಿಯಾಗಿ, ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತಿದ್ದರೆ ಪೆಟ್ರೋಲು ಸೋರುತ್ತಿಲ್ಲ, ಅರೆಬೆಂದು ಹೋಗುತ್ತಿದೆ. ಆಗ ಚೋಕು ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು.

ಪೆಟ್ರೋಲೂ ಹಿಂದಿನದಲ್ಲ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲನ್ನು ೨೦೨೩ರ ಫೆಬ್ರವರಿ ೬ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ೨೦೨೫ರ ಹೊತ್ತಿಗೆ ಅದು ದೇಶದ ಬಹುಪಾಲು ಬಂಕುಗಳನ್ನು ತಲುಪಿತು. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು. ಆದ್ದರಿಂದ ಮೈಲೇಜು ನೂರಕ್ಕೆ ಆರೇಳು ಪಾಲು ಇಳಿದರೆ ಅದನ್ನು ಸೋರಿಕೆಯೆಂದು ಎಣಿಸಬೇಕಾಗಿಲ್ಲ; ಅದನ್ನು ಮೀರಿ ಇಳಿದರೆ ಹುಡುಕಲೇಬೇಕು. ಆದರೆ ಎಥನಾಲ್ ಹಳೆಯ ಕಾಲದ ಕೆಲವು ರಬ್ಬರುಗಳನ್ನು ಊದಿಸಿ ಹಾಳುಮಾಡುತ್ತದೆ. ಹೊಸ ಪೈಪು, ಡಯಾಫ್ರಮ್, ಪ್ಯಾಕಿಂಗುಗಳನ್ನು ಕೊಳ್ಳುವಾಗ ಅವು ಇಂಥ ಪೆಟ್ರೋಲಿಗೆ ಒಗ್ಗುವವೇ ಎಂದು ಕೇಳಿ ಕೊಳ್ಳುವುದು ಒಳ್ಳೆಯದು. ನೀರಿನ ಪೈಪು ಅಥವಾ ಪಾರದರ್ಶಕ ಪ್ಲಾಸ್ಟಿಕ್ ನಳಿಕೆ ತುಂಡು ಅಗ್ಗವಾಗಿ ಸಿಕ್ಕಿತೆಂದು ಅದನ್ನು ಹಾಕಬಾರದು.

ಹುಡುಕುವ ಕ್ರಮ ಸರಳ. ವ್ಯಾನು ಬಯಲಿನಲ್ಲಿ, ಎಂಜಿನ್ನು ಪೂರ್ತಿ ತಣ್ಣಗಾಗಿ, ಬಾಗಿಲುಗಳು ತೆರೆದಿರಲಿ. ವಾಸನೆ ಚೆದುರಿದ ಮೇಲೆ ಬ್ಯಾಟರಿಯ ತಂತಿಯನ್ನು ಬಿಚ್ಚಿ. ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ಪೆಟ್ರೋಲು ಹರಿಯುವ ದಾರಿಯನ್ನೇ ಹಿಡಿದು, ನಡುವೆ ಜಿಗಿಯದೆ, ಒಂದೊಂದು ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ. ಒರೆಸಿದ ಜಾಗಕ್ಕೆ ಸೀಮೆಸುಣ್ಣದ ಪುಡಿಯನ್ನು ಸವರಿದರೆ, ಒಸರಿದ ಕಡೆ ಅದು ಒದ್ದೆಯಾಗಿ ಬಣ್ಣಗೆಡುತ್ತದೆ. ಧೂಳಿನಲ್ಲಿ ತೊಳೆದಂತೆ ಕಾಣುವ ಗೆರೆ, ಆರಿದ ಪೆಟ್ರೋಲು ಬಿಟ್ಟುಹೋದ ಕಂದು ಕಲೆ, ಇವೂ ಸುಳಿವುಗಳೇ. ರಾತ್ರಿ ಕೆಳಗೆ ಒಂದು ರಟ್ಟನ್ನು ಹಾಸಿಟ್ಟರೆ ಬೆಳಗ್ಗೆ ಅದು ಸಾಕ್ಷಿ ನುಡಿಯುತ್ತದೆ. ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ, ಎರಡು ದಿನ ನೋಡಿ, ಮುಂದಿನದಕ್ಕೆ ಕೈ ಹಾಕಬೇಕು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ರೋಗ ವಾಸಿಯಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ.

ಇನ್ನು ಮಾಡಬಾರದ ಮಾತುಗಳು. ಬೆಳಕು ಸಾಲದೆಂದು ಕಡ್ಡಿ ಗೀರುವುದು, ಬೀಡಿ ಸೇದುತ್ತ ಬಗ್ಗಿ ನೋಡುವುದು ಆತ್ಮಹತ್ಯೆಗೆ ಸಮಾನ. ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲನ್ನು ಎಳೆಯುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಒಂದು ಗುಟುಕು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಹಾಗೆ ಆದವನಿಗೆ ವಾಂತಿ ಮಾಡಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಟ್ಯಾಂಕಿನ ತೂತಿಗೆ ಬಟ್ಟೆ ಸಾಬೂನು ತಿಕ್ಕಿ ಒತ್ತುವುದು ನಡುದಾರಿಯ ಉಪಾಯ. ಪೆಟ್ರೋಲಿನಲ್ಲಿ ಸಾಬೂನು ಕರಗದಾದ್ದರಿಂದ ಅದು ತುಸು ಹೊತ್ತು ನಿಲ್ಲುತ್ತದೆ, ಆದರೆ ಅದು ರಿಪೇರಿಯಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯವಿರುವುದು ಖಾಲಿ ಟ್ಯಾಂಕಿಗೆ ಬೆಸುಗೆ ಹಾಕುವುದರಲ್ಲಿ. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗ ಕಡಿಮೆ; ಖಾಲಿಯಾದದ್ದರಲ್ಲಿ ಆವಿಯೂ ಗಾಳಿಯೂ ಬೆರೆತು ಕಿಡಿಗಾಗಿ ಕಾದಿರುತ್ತವೆ. ಖಾಲಿಯೆಂದರೆ ನಿರಪಾಯ ಎಂಬ ನಂಬಿಕೆಗೆ ಎಷ್ಟೋ ಗ್ಯಾರೇಜುಗಳಲ್ಲಿ ಪ್ರಾಣಗಳೇ ಬೆಲೆಯಾಗಿವೆ. ತುಕ್ಕು ತಿಂದ ಟ್ಯಾಂಕನ್ನು ಬದಲಿಸುವುದೇ ಸರಿ.

ಒಂದು ಗಜ ಪೈಪು, ನಾಲ್ಕು ಕ್ಲಿಪ್ಪು, ಒಂದು ವಾಶರು: ಅನೇಕ ವೇಳೆ ಇಷ್ಟರಲ್ಲಿ ಮುಗಿಯುವ ಕೆಲಸವಿದು. ಅದನ್ನು ಮುಂದೂಡಿದಷ್ಟು ದಿನವೂ ಆಸನದ ಕೆಳಗಿನ ಆ ಅಪಾಯದ ಮೇಲೆ ಶಾಲೆಯ ಮಕ್ಕಳು ಕುಳಿತು ಹೋಗುತ್ತಿರುತ್ತಾರೆ. ಅತ್ತರಿನ ಸೀಸೆಯನ್ನೋ ಊದುಬತ್ತಿಯನ್ನೋ ಇಟ್ಟು ವಾಸನೆಯನ್ನು ಮುಚ್ಚಬಹುದು; ಆದರೆ ಊದುಬತ್ತಿಯೂ ಬೆಂಕಿಯೇ ಎಂಬುದನ್ನು ಮರೆಯಬಾರದು. ವಾಸನೆ ನಮ್ಮ ಶತ್ರುವಲ್ಲ. ಬಾಗಿಲು ತಟ್ಟಿ ಎಚ್ಚರಿಸುವ ನೆರೆಯವನನ್ನು ಗದರಿಸಿ ಕಳಿಸದೆ, ಎದ್ದು ಹೋಗಿ ಹಿತ್ತಲನ್ನು ನೋಡಿ ಬರುವುದು ಮನೆಯವರ ಕೆಲಸ.