ಮೊಲಕ್ಕೆ ರೂಮು ಬಿಟ್ಟುಕೊಡುವ ಮುನ್ನ ನೆಲದ ಮೇಲೆ ಮಲಗಿ ನೋಡಿ

ನಮ್ಮ ಹಳ್ಳಿ ಮನೆಗಳಲ್ಲಿ ಖಾಲಿ ರೂಮು ಅಂತ ಒಂದು ಇರೋದೇ ಇಲ್ಲ. ಖಾಲಿ ಅಂದ್ರೆ ಅಲ್ಲಿ ರಾಗಿ ಚೀಲ, ಬಿತ್ತನೆ ಬೀಜ, ಸ್ಪ್ರೇಯರ್, ಸುತ್ತಿಟ್ಟ ಡ್ರಿಪ್ ಪೈಪು ಮಾತ್ರ ಇದೆ ಅಂತ ಅರ್ಥ. ಅಣ್ಣನ ಮಗಳು ಹಟ ಮಾಡಿ ಮೊಲ ತಂದಾಗ ನಾನು ಬಿಟ್ಟುಕೊಟ್ಟದ್ದು ಅಂಥದೇ ರೂಮು. "ಪಂಜರ ಬೇಡ, ಓಡಾಡ್ಕೊಂಡಿರಲಿ" ಅಂದವನೂ ನಾನೇ. ಚೀಲಗಳನ್ನು ಗೋಡೆಗೆ ಜೋಡಿಸಿ, ಗುಡಿಸಿ, ಬಿಟ್ಟೆ.

ಹದಿನೈದು ದಿನ ಆಗಿರಲಿಲ್ಲ, ಮೊಲ ಮೂಲೆ ಹಿಡಿದು ಕೂತಿತು. ಮೇವು ಮುಟ್ಟಲಿಲ್ಲ. ಮೂಗಲ್ಲಿ ರಕ್ತ. ಪಶು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಚೀಲ ಸರಿಸಿದರೆ ಹಿಂದೆ ಇಲಿ ಪಾಷಾಣದ ನೀಲಿ ಬಿಲ್ಲೆ, ಅರ್ಧ ಕಡಿದದ್ದು. "ಹೋದ ವರ್ಷ ಇಲಿಗೆ ಇಟ್ಟಿದ್ದೆ ಕಣೋ, ಮರ್ತೇ ಹೋಗಿತ್ತು" ಅಂದರು ಅಪ್ಪ. ತಪ್ಪು ಅವರದಲ್ಲ, ನೋಡದೆ ಬಿಟ್ಟ ನನ್ನದು. ತೋಟಕ್ಕೆ ಒಂದು ಹನಿ ವಿಷ ಸೋಕಿಸಲ್ಲ ಅಂತ ಹೇಳ್ಕೊಂಡು ತಿರುಗೋನ ಮನೆಯೊಳಗೇ ವಿಷ ಇತ್ತು.

ಈ ಬಿಲ್ಲೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ತಿಂದ ದಿನ ಏನೂ ಗೊತ್ತಾಗಲ್ಲ, ಮೂರು–ಐದು ದಿನ ಕಳೆದ ಮೇಲೆ ಲಕ್ಷಣ ಕಾಣುತ್ತೆ. ಬೇಗ ಗೊತ್ತಾದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು. ಕಾಳಿಗೆ ಬೆರೆಸಿ ಇಡುವ ಕಪ್ಪು ಪುಡಿ, ಅಂದ್ರೆ ಜಿಂಕ್ ಫಾಸ್ಫೈಡ್‌ಗೆ ಪ್ರತಿವಿಷವೇ ಇಲ್ಲ. ಜೊತೆಗೆ ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹೋದಂತೆಯೇ.

ಎರಡನೇ ಮೊಲ ತರೋ ಮುಂಚೆ ನಾನು ಮಾಡಿದ ಮೊದಲ ಕೆಲಸ, ಚೀಲಗಳನ್ನೆಲ್ಲ ಹೊರಗೆ ಹಾಕಿ ಆ ರೂಮಿನ ನೆಲದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಮಲಗಿದ್ದು. ಮೊಲದ ಕಣ್ಣಿನ ಎತ್ತರಕ್ಕೆ ಇಳಿದರೆ ಮಾತ್ರ ಕಾಣುವ ಅಪಾಯಗಳು ಎಷ್ಟೋ ಇವೆ.

ಮೊದಲು ಖಾಲಿ ಮಾಡಿ

ಪಾಷಾಣ, ಔಷಧಿ ಹಚ್ಚಿದ ಬಿತ್ತನೆ ಬೀಜ, ಗೊಬ್ಬರದ ಚೀಲ, ಕೀಟನಾಶಕದ ಖಾಲಿ ಡಬ್ಬಿ ಯಾವುದೂ ಆ ರೂಮಲ್ಲಿ ಇರಬಾರದು. "ಅಟ್ಟದ ಮೇಲಿದೆ, ಎಟುಕಲ್ಲ" ಅನ್ನಬೇಡಿ. ಇಲಿಗಳು ಬಿಲ್ಲೆಯನ್ನು ಎಳೆದು ಕೆಳಗೆ ಬೀಳಿಸುತ್ತವೆ. ಹಳೆಯ ದಾಸ್ತಾನು ಕೋಣೆ ಆಗಿದ್ದರೆ ಗುಡಿಸಿ, ನೀರು ಹಾಕಿ ಎರಡು ಸಲ ತೊಳೆದು ಒಣಗಿಸಿ. ಮೂಲೆ, ಬಾಗಿಲ ಸಂದಿ, ಗೋಡೆ ಬಿರುಕು ಎಲ್ಲ ನೋಡಿ.

ವೈರು

ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತೆ, ಹಾಗಾಗಿ ಕಡಿಯೋದು ಅದರ ಚಟ ಅಲ್ಲ, ಅಗತ್ಯ. ಚಾರ್ಜರ್ ವೈರನ್ನು ನೆಲದಿಂದ ಮೂರು ಅಡಿ ಮೇಲಕ್ಕೆ ಎತ್ತಿ. ಎತ್ತಲಾಗದ ವೈರಿಗೆ ಗಟ್ಟಿ ಪಿವಿಸಿ ಪೈಪ್ ಹಾಕಿಸಿ. ಹಳೇ ಡ್ರಿಪ್ ಪೈಪ್ ಸೀಳಿ ಹಾಕಿದರೆ ಸಾಕು ಅಂತ ನಾನೂ ಲೆಕ್ಕ ಹಾಕಿದ್ದೆ. ಎರಡೇ ರಾತ್ರಿಗೆ ಕಡಿದು ಹಾಕಿತು.

ನೆಲ, ಗಾಳಿ, ಬಿಸಿಲು

ಮೊಲದ ಪಾದಕ್ಕೆ ನಾಯಿ, ಬೆಕ್ಕಿನ ಹಾಗೆ ಮೆತ್ತೆ ಇಲ್ಲ, ಬರೀ ಕೂದಲು. ಟೈಲ್ಸ್, ರೆಡ್ ಆಕ್ಸೈಡ್ ನೆಲದಲ್ಲಿ ಜಾರಿ ಸೊಂಟಕ್ಕೆ ಪೆಟ್ಟಾಗಬಹುದು. ಹತ್ತಿಯ ಜಮಖಾನ ಹಾಸಿ. ಪ್ಲಾಸ್ಟಿಕ್ ಚಾಪೆ ಬೇಡ, ಕಡಿದು ನುಂಗಿದರೆ ಕರುಳು ಕಟ್ಟಿಕೊಳ್ಳುತ್ತೆ.

ಮೊಲ ಬೆವರಿ ಮೈ ತಂಪು ಮಾಡಿಕೊಳ್ಳಲ್ಲ. ಬಿಸಿ ಹೊರಹಾಕೋದು ಹೆಚ್ಚಾಗಿ ಕಿವಿಯಿಂದ. ರೂಮಿನ ಉಷ್ಣತೆ 30 ಡಿಗ್ರಿ ದಾಟಿದರೆ ಅಪಾಯ ಶುರು. ತಗಡಿನ ಶೀಟ್ ಹೊದಿಸಿದ ರೂಮು ಬೇಸಿಗೆಗೆ ಆಗಲ್ಲ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಹಳೇ ಮಡಕೆಯ ಬಾಯಿಯನ್ನು ಅಗಲವಾಗಿ ಒಡೆದು, ಅಂಚು ಉಜ್ಜಿ, ಅಡ್ಡ ಮಲಗಿಸಿದರೆ ಅದೇ ತಂಪಾದ ಗೂಡು, ಹೆದರಿದಾಗ ಅಡಗೋ ಜಾಗ.

ಕಿಟಕಿಗೆ, ಬಚ್ಚಲ ತೂತಿಗೆ ಅರ್ಧ ಇಂಚಿನ ವೆಲ್ಡೆಡ್ ಮೆಶ್ ಹಾಕಿಸಿ. ಕೋಳಿ ಜಾಲರಿಯನ್ನು ಮೊಲ ಕಡಿಯಬಲ್ಲದು, ನಾಯಿ ಹರಿಯಬಲ್ಲದು. ಹಳ್ಳಿ ಮನೆಗೆ ಹಾವು, ಮುಂಗುಸಿ, ಹೆಗ್ಗಣ ಬರೋದು ಇಂಥ ತೂತುಗಳಿಂದಲೇ.

ಜಾಗ ಎಷ್ಟು ಬೇಕು? ಒಂದು ಜೋಡಿ ಮೊಲಕ್ಕೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ ಬೇಕು ಅನ್ನುತ್ತದೆ ಬ್ರಿಟನ್ನಿನ ರ್‍ಯಾಬಿಟ್ ವೆಲ್ಫೇರ್ ಅಸೋಸಿಯೇಷನ್. ನಮ್ಮ ಹತ್ತಡಿಯ ಒಂದು ರೂಮು ಧಾರಾಳ.

ಟ್ರೇ ಮತ್ತು ಮೇವು ಅಕ್ಕಪಕ್ಕ

ಮೊಲ ಮೇಯುತ್ತಲೇ ಹಿಕ್ಕೆ ಹಾಕುತ್ತೆ. ಅಗಲವಾದ ಟ್ರೇಗೆ ಪೇಪರ್, ಅದರ ಮೇಲೆ ಒಣಹುಲ್ಲು ಹಾಸಿ, ಮೇವನ್ನು ಅದರ ಪಕ್ಕದಲ್ಲೇ ಇಟ್ಟರೆ ತಾನೇ ಅಭ್ಯಾಸ ಮಾಡಿಕೊಳ್ಳುತ್ತೆ. ಮರದ ಹೊಟ್ಟು ಬೇಡ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಟ್ರೇಯನ್ನು ದಿನಾ ಬದಲಿಸಿ, ತೆಗೆದದ್ದನ್ನು ಕಾಂಪೋಸ್ಟ್ ಗುಂಡಿಗೆ ಹಾಕಿ.

ಆಹಾರದಲ್ಲಿ ಶೇಕಡ 80ಕ್ಕೂ ಹೆಚ್ಚು ಹುಲ್ಲೇ ಇರಬೇಕು: ಗರಿಕೆ, ಗಿನಿ ಹುಲ್ಲು, ಒಣಗಿಸಿದ ಮೇವು. ಸೀಬೆ ಕೊಂಬೆ, ಹಿಪ್ಪುನೇರಳೆ ಕಡ್ಡಿ ಹಾಕಿದರೆ ಹಲ್ಲಿಗೂ ಕೆಲಸ. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದ ಅಂಶ ಜಾಸ್ತಿ, ಬೆಳೆದ ಮೊಲಕ್ಕೆ ಅಪರೂಪಕ್ಕೆ ಸಾಕು. ಕ್ಯಾರೆಟ್ ತುಂಡು ಅದಕ್ಕೆ ಮಿಠಾಯಿ ಇದ್ದಂತೆ, ಊಟ ಅಲ್ಲ. ಅನ್ನ, ಬ್ರೆಡ್, ಬಿಸ್ಕೆಟ್ ಬೇಡವೇ ಬೇಡ. ಕಳೆನಾಶಕ ಹೊಡೆದ ಬದುವಿನ ಹುಲ್ಲು, ಬೂಸ್ಟು ಹಿಡಿದ ಮೇವು ಕೂಡ ಬೇಡ.

ಕಣಗಿಲೆ, ಉಮ್ಮತ್ತಿ, ಹರಳು, ಲಂಟಾನ, ಮನಿಪ್ಲಾಂಟ್, ಡೈಫೆನ್‌ಬೇಕಿಯಾ ವಿಷದ ಗಿಡಗಳು. ಕುಂಡದಲ್ಲಿದ್ದರೂ ರೂಮಿನಿಂದ ಹೊರಗಿಡಿ.

ಇವನ್ನು ಮೊಬೈಲಲ್ಲಿ ಬರೆದಿಟ್ಟುಕೊಳ್ಳಿ

- 12 ಗಂಟೆ ಮೇವು ಮುಟ್ಟದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ ಅದು ತುರ್ತು. ನಾಳೆ ನೋಡೋಣ ಅನ್ನಬೇಡಿ.
- ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಮೊಲವನ್ನು ಕೊಲ್ಲಬಹುದು. ಭತ್ತದ ಕಾಂಡಕೊರಕಕ್ಕೆ ಹೊಡೆಯೋದೂ ಇದೇ. ಅದನ್ನು ಹೊಡೆದು ಬಂದ ಕೈಯಲ್ಲಿ ಮೊಲ ಮುಟ್ಟಬೇಡಿ.
- ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆ ಬಾಯಿಗೆ ಹಾಕಬೇಡಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಸಾಯಬಹುದು.
- ಗಂಡು, ಹೆಣ್ಣು ಜೊತೆಗೆ ಬಿಡುವ ಮುನ್ನ ಸಂತಾನಹರಣ ಚಿಕಿತ್ಸೆ ಮಾಡಿಸಿ. ಗರ್ಭ 31 ದಿನ ಮಾತ್ರ, ಮರಿ ಹಾಕಿದ ದಿನವೇ ಮತ್ತೆ ಗರ್ಭ ಕಟ್ಟಬಹುದು.
- ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ತರಬೇಡಿ. ಅದರ ಜಾತಿಯೇ ಬೇರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಸಾಕುವುದು ಅಪರಾಧ. ತಾಯಿ ಕಾಣದಿದ್ದರೂ ಬಿಟ್ಟು ಬನ್ನಿ, ಹಾಲು ಕೊಡುವ ಹೊತ್ತಿಗೆ ಅದು ಬರುತ್ತೆ.

ಮೊಲ ಹತ್ತು ವರ್ಷ ಬದುಕುವ ಪ್ರಾಣಿ. ತರೋ ಮುಂಚೆ ಅದಕ್ಕೆ ಮನೆಯವರೆಲ್ಲ ಒಪ್ಪಿರಬೇಕು, ಮುಖ್ಯವಾಗಿ ಇಲಿಗೆ ಪಾಷಾಣ ಇಡುವವರು. ನಮ್ಮ ಮನೇಲಿ ಈಗ ಇಲಿಗೆ ಬೋನು ಮಾತ್ರ, ಅದನ್ನ ತಂದವರು ಅಪ್ಪನೇ. ದಿನಾ ಸಂಜೆ ಅಣ್ಣನ ಮಗಳು ಆ ರೂಮಲ್ಲಿ ಬೋರಲು ಮಲಗಿ, ಟಾರ್ಚ್ ಹಾಕಿ ಮೂಲೆ ಮೂಲೆ ನೋಡ್ತಾಳೆ. ಅದಾದ ಮೇಲೇ ಬಾಗಿಲು ತೆಗೆದು ಮೊಲ ಬಿಡೋದು.