ಬ್ರೌನಿ ಚೀಸ್‌ಕೇಕ್: ಬೇಯುವಾಗ ಒಂದು ಎಚ್ಚರ, ಬೆಂದ ಮೇಲೆ ಇನ್ನೊಂದು

ಹುಟ್ಟುಹಬ್ಬಕ್ಕೆ ಬೇಕರಿಯಿಂದ ಕೇಕ್ ತರುತ್ತಿದ್ದ ಎಷ್ಟೋ ಮನೆಗಳಿಗೆ ಈಗ ಓವನ್ ಬಂದಿದೆ. ಸಾದಾ ಕೇಕ್ ಮಾಡಿ ಕೈ ಪಳಗಿದವರು ಮುಂದೆ ಪ್ರಯತ್ನಿಸುವ ತಿನಿಸುಗಳಲ್ಲಿ ಬ್ರೌನಿ ಚೀಸ್‌ಕೇಕ್ ಒಂದು. ಕೆಳಗೆ ಕೋಕೋ ಮತ್ತು ಬೆಣ್ಣೆಯ ಕಪ್ಪು ಪದರ, ಮೇಲೆ ಕ್ರೀಮ್ ಚೀಸ್‌ನ ಬಿಳಿ ಪದರ. ಬ್ರೌನಿ ಅಮೆರಿಕದ್ದು. ಇಂದಿನ ಕ್ರೀಮ್ ಚೀಸ್ ಕೂಡ 1870ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಎಂಬ ಊರಿನಲ್ಲಿ ತಯಾರಾದದ್ದು.

ಇದರಲ್ಲಿ ಸಕ್ಕರೆ, ಕೊಬ್ಬು ಹೆಚ್ಚು ಎಂಬುದು ನಿಮಗೆ ಗೊತ್ತೇ ಇದೆ. ಲಕ್ಷ್ಯಕ್ಕೆ ಬಾರದಿರುವುದು ಮೇಲಿನ ಪದರದ ಸ್ವಭಾವ. ಅದು ಹೆಸರಿಗೆ ಮಾತ್ರ ಕೇಕ್. ನಿಜದಲ್ಲಿ ಮೊಟ್ಟೆಯಿಂದ ಗಟ್ಟಿಯಾಗುವ ಕಸ್ಟರ್ಡ್. ಸರಿಯಾಗಿ ಬೇಯದಿದ್ದರೆ, ಬೆಂದ ಮೇಲೂ ಹೊರಗೇ ಉಳಿದರೆ, ರೋಗಾಣುಗಳು ಬೆಳೆಯಲು ಅದು ಹೇಳಿ ಮಾಡಿಸಿದ ಜಾಗ.

20 ಸೆಂಟಿಮೀಟರ್ ಚೌಕದ ಒಂದು ಟಿನ್‌ಗೆ ಲೆಕ್ಕ ಹೀಗಿರಲಿ: ಕೆಳಪದರಕ್ಕೆ 100 ಗ್ರಾಂ ಬೆಣ್ಣೆ, 150 ಗ್ರಾಂ ಸಕ್ಕರೆ, 2 ಮೊಟ್ಟೆ, 60 ಗ್ರಾಂ ಮೈದಾ, 40 ಗ್ರಾಂ ಕೋಕೋ, ಮೇಲ್ಪದರಕ್ಕೆ 225 ಗ್ರಾಂ ಕ್ರೀಮ್ ಚೀಸ್, 60 ಗ್ರಾಂ ಸಕ್ಕರೆ, 1 ಮೊಟ್ಟೆ. ಎರಡನ್ನೂ ಒಟ್ಟಿಗೆ ಸುರಿದು ಓವನ್ನಿಗೆ ಇಡಬೇಡಿ. ಮೇಲ್ಪದರ ಕಂಬಳಿಯಂತೆ ಮುಚ್ಚಿಕೊಂಡು, ಕೆಳಗಿನದು ನಡುವೆ ಹಸಿಯಾಗಿಯೇ ಉಳಿಯಬಹುದು. ಮೊದಲು ಬ್ರೌನಿಯನ್ನಷ್ಟೇ 160 ಡಿಗ್ರಿ ಸೆಲ್ಷಿಯಸ್‌ನಲ್ಲಿ 15 ನಿಮಿಷ ಬೇಯಿಸಿ, ಅನಂತರ ಬಿಳಿ ಮಿಶ್ರಣ ಸುರಿದು ಇನ್ನೂ ಸುಮಾರು ಅರ್ಧ ಗಂಟೆ ಬೇಯಿಸಿ.

ಬೆಂದಿದೆಯೇ ಎಂದು ತಿಳಿಯುವುದು ಹೇಗೆ? ಇಡ್ಲಿಗೂ ಕೇಕಿಗೂ ಕಡ್ಡಿ ಚುಚ್ಚಿ ನೋಡುವ ಅಭ್ಯಾಸ ನಮ್ಮದು. ಇಲ್ಲಿ ಆ ಪರೀಕ್ಷೆ ನಡೆಯದು. ಕಡ್ಡಿ ಒಣಗಿ ಬರುವಷ್ಟು ಹೊತ್ತು ಕಾದರೆ ಚೀಸ್‌ಕೇಕ್ ಬಿರುಕು ಬಿಟ್ಟು ಮರಳು ಮರಳಾಗುತ್ತದೆ. ಟಿನ್ ಮೆಲ್ಲನೆ ಅಲುಗಿಸಿದಾಗ ಅಂಚು ಗಟ್ಟಿಯಾಗಿದ್ದು, ನಡುಭಾಗ ಗಿಣ್ಣಿನಂತೆ ನಡುಗಬೇಕು, ಮಜ್ಜಿಗೆಯಂತೆ ತುಳುಕಬಾರದು. ಆದರೂ ಕಣ್ಣಂದಾಜಿಗಿಂತ ಅಡುಗೆಯ ಥರ್ಮಾಮೀಟರ್ ಮೇಲು. ನಡುಭಾಗ 71 ಡಿಗ್ರಿ ಸೆಲ್ಷಿಯಸ್ ತಲುಪಿದರೆ ಮೊಟ್ಟೆಯಲ್ಲಿರಬಹುದಾದ ಸಾಲ್ಮೊನೆಲ್ಲಾ ಸಾಯುತ್ತದೆ. ಈ ರೋಗಾಣು ಹೊಟ್ಟೆ ಸೇರಿದರೆ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಜ್ವರ, ಭೇದಿ, ಹೊಟ್ಟೆನುಲಿತ ಕಾಣಿಸಿಕೊಳ್ಳುತ್ತವೆ. ಚಿಕ್ಕ ಮಕ್ಕಳು, ವೃದ್ಧರು ಮತ್ತು ಗರ್ಭಿಣಿಯರಲ್ಲಿ ಇದು ವಿಕೋಪಕ್ಕೆ ಹೋಗಬಹುದು. ಮಲದಲ್ಲಿ ರಕ್ತ ಕಂಡರೆ, ಜ್ವರ ಹೆಚ್ಚಿದರೆ, ಮೂತ್ರ ಕಡಿಮೆಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ಓ.ಆರ್.ಎಸ್. ಕುಡಿಸುತ್ತಿರಿ.

ಪಾತ್ರೆಯಲ್ಲಿ ಉಳಿದ ಹಸಿ ಮಿಶ್ರಣವನ್ನು ಮಕ್ಕಳು ಬೆರಳಿನಿಂದ ನೆಕ್ಕುವುದು ಎಲ್ಲ ಮನೆಗಳಲ್ಲೂ ಕಾಣುವ ನೋಟ. ಅದನ್ನು ತಡೆಯಿರಿ. ಮೊಟ್ಟೆ ಹಾಕಿಲ್ಲವೆಂದು ಧೈರ್ಯ ತಂದುಕೊಳ್ಳುವವರೂ ಇದ್ದಾರೆ. ಆದರೆ ಮೈದಾ ಕೂಡ ಬೇಯಿಸದ ಪದಾರ್ಥವೇ. 2016ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಇ. ಕೋಲಿ ಸೋಂಕು ಹರಡಿದ್ದು ಹಿಟ್ಟಿನಿಂದಲೇ.

ಬೆಂದ ಮೇಲಿನ ಎಚ್ಚರವನ್ನು ಜನ ಬೇಗ ಮರೆಯುತ್ತಾರೆ. ಒಲೆಯಿಂದ ಇಳಿಸಿ ಸುಮಾರು ಒಂದು ಗಂಟೆ ಆರಲು ಬಿಟ್ಟು ಫ್ರಿಜ್‌ಗೆ ಸೇರಿಸಿ. ಎರಡು ಗಂಟೆ ದಾಟಬಾರದು. ಕಲಬುರಗಿ, ರಾಯಚೂರಿನ ಬೇಸಿಗೆಯಂತೆ 32 ಡಿಗ್ರಿ ಮೀರಿದ ಸೆಖೆಯಿದ್ದರೆ ಒಂದೇ ಗಂಟೆ ಮಿತಿ. ಚೆನ್ನಾಗಿ ಗಟ್ಟಿಯಾಗಲು ಒಳಗೆ ನಾಲ್ಕು ಗಂಟೆಯಾದರೂ ಬೇಕು. ಮೂರು ನಾಲ್ಕು ದಿನಗಳಲ್ಲಿ ಮುಗಿಸಿ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪಾಗಿರುತ್ತದೆ. ಅದಕ್ಕೂ ಹೆಚ್ಚು ಹೊತ್ತು ಹೋದರೆ, ವಾಸನೆ ಚೆನ್ನಾಗಿದ್ದರೂ ಎಸೆಯುವುದೇ ಸರಿ. ಹೊಟ್ಟೆಯುರಿಯುತ್ತದೆ, ನಿಜ.

ಇನ್ನು ಪ್ರಮಾಣ. ಮೇಲಿನ ಲೆಕ್ಕದ ಟಿನ್‌ನಲ್ಲಿ ಒಟ್ಟು ಸುಮಾರು 2,800 ಕ್ಯಾಲರಿ, 210 ಗ್ರಾಂ ಸಕ್ಕರೆ ಇದೆ. 9 ತುಂಡು ಮಾಡಿದರೆ ಒಂದೊಂದರಲ್ಲೂ 23 ಗ್ರಾಂ ಸಕ್ಕರೆ. ವಯಸ್ಕರಿಗೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಕಾಫಿ, ಟೀಗೆ ಹಾಕುವುದೂ ಅದರಲ್ಲೇ ಸೇರಬೇಕು. 16 ತುಂಡು ಮಾಡಿದರೆ 13 ಗ್ರಾಂಗೆ ಇಳಿಯುತ್ತದೆ. ಸಕ್ಕರೆ ಕಾಯಿಲೆಯವರು ಅದನ್ನೂ ಊಟದ ಲೆಕ್ಕದಲ್ಲೇ ಹಿಡಿಯಬೇಕು. ಚೀಸ್ ಇದೆಯಲ್ಲ, ಮಗುವಿಗೆ ಪುಷ್ಟಿ ಎಂದುಕೊಳ್ಳಬೇಡಿ. 100 ಗ್ರಾಂ ಕ್ರೀಮ್ ಚೀಸ್‌ನಲ್ಲಿ ಕೊಬ್ಬು ಸುಮಾರು 34 ಗ್ರಾಂ, ಪ್ರೋಟೀನ್ ಬರೀ 6 ಗ್ರಾಂ. ಪನೀರ್‌ನಲ್ಲಿ ಅದರ ಮೂರರಷ್ಟು ಪ್ರೋಟೀನ್ ಸಿಗುತ್ತದೆ.

ಶಾಲೆಯ ಡಬ್ಬಿಗೆ ಇದು ತಕ್ಕುದಲ್ಲ. ಬೆಳಿಗ್ಗೆ ಎಂಟಕ್ಕೆ ಹಾಕಿದ್ದು ಮಧ್ಯಾಹ್ನ ಒಂದರವರೆಗೆ ಚೀಲದಲ್ಲಿ ಬೆಚ್ಚಗೆ ಕುಳಿತಿರುತ್ತದೆ. ಕೊಡಲೇಬೇಕೆಂದರೆ ಚೆನ್ನಾಗಿ ಬೆಂದ ಬರೀ ಬ್ರೌನಿ ಕಳಿಸಿ. ಬಿಳಿ ಪದರದ್ದನ್ನು ಮಗು ಸಂಜೆ ಮನೆಗೆ ಬಂದ ಮೇಲೆ ಫ್ರಿಜ್‌ನಿಂದ ತೆಗೆದು ಕೊಡಿ.