ಪ್ರೇಮಕ್ಕೆ ದರಪಟ್ಟಿ, ಪೌರುಷಕ್ಕೆ ಅಳತೆಗೋಲು

ಪ್ರೇಮದ ಹುಡುಕಾಟದಲ್ಲಿ ಹಣ ವ್ಯಯಿಸುವ ಹೊಣೆ ಗಂಡಸಿನದೆಂಬ ಭಾವನೆ ಮೊಬೈಲ್ ಯುಗದಲ್ಲಿ ಹುಟ್ಟಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಮಧ್ಯಮವರ್ಗದ ಯುವಕ, ಆಹ್ವಾನ ಬಂದ ಮೇಲಷ್ಟೇ ಯುವತಿಯ ಮನೆಗೆ ಹೋಗುತ್ತಿದ್ದ. ಕರೆಯುವ ಅಧಿಕಾರ ಆಕೆಯದು ಮತ್ತು ಆಕೆಯ ತಾಯಿಯದು. ಮುಂದೆ ಭೇಟಿಯ ತಾಣ ಮನೆಯ ಜಗಲಿಯಿಂದ ಚಿತ್ರಮಂದಿರ, ನೃತ್ಯಶಾಲೆಗಳಿಗೆ ಸ್ಥಳಾಂತರಗೊಂಡಿತು. ಬಿಲ್ಲು ತೆರುವವನು ಗಂಡಸಾದುದರಿಂದ ಮೊದಲ ಹೆಜ್ಜೆಯ ಹಕ್ಕೂ ಅವನ ಕೈಸೇರಿತೆಂದು ಇತಿಹಾಸಕಾರ್ತಿ ಬೆತ್ ಬೈಲಿ 1988ರ ತಮ್ಮ ಕೃತಿಯಲ್ಲಿ ವಿವರಿಸಿದ್ದಾರೆ.

ಡೇಟಿಂಗ್ ಆ್ಯಪ್‌ಗಳು ಈ ಹಳೆಯ ರೂಢಿಗೆ ಹೊಸ ತಿರುವು ನೀಡಿವೆ. ಆಗ ಹಣ ಇಬ್ಬರೂ ಸವಿಯುವ ಊಟಕ್ಕೆ ಸಲ್ಲುತ್ತಿತ್ತು. ಈಗ ಅದು ಭೇಟಿಗೆ ಮುನ್ನವೇ, ಕೇವಲ ಕಣ್ಣಿಗೆ ಬೀಳುವ ಅವಕಾಶಕ್ಕಾಗಿ ಸಲ್ಲುತ್ತಿದೆ.

ಕೊರತೆಯೇ ಸರಕು

2012ರಲ್ಲಿ ಆರಂಭವಾದ ಟಿಂಡರ್ ಮೊದಲು ಸಂಪೂರ್ಣ ಉಚಿತವಾಗಿತ್ತು. 2015ರ ಮಾರ್ಚ್‌ನಲ್ಲಿ 'ಟಿಂಡರ್ ಪ್ಲಸ್' ಬಂದಾಗ ಉಚಿತ ಬಳಕೆದಾರರು ಸೂಚಿಸಬಹುದಾದ ಮೆಚ್ಚುಗೆಗಳಿಗೆ ಮಿತಿ ಬಿತ್ತು. ಮಿತಿ ತೆಗೆಯಲು ಶುಲ್ಕ ತೆರಬೇಕಾಯಿತು. ಅಮೆರಿಕದಲ್ಲಿ 30 ವರ್ಷದೊಳಗಿನವರಿಗೆ ತಿಂಗಳಿಗೆ 9.99 ಡಾಲರ್, ಉಳಿದವರಿಗೆ 19.99 ಡಾಲರ್ ನಿಗದಿಯಾಗಿತ್ತು. ಇದು ವಯೋಭೇದವೆಂದು 2018ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಅಭಿಪ್ರಾಯಪಟ್ಟಿತು. 2023ರಲ್ಲಿ ಆಯ್ದ ಕೆಲವರಿಗಾಗಿ ತಿಂಗಳಿಗೆ 499 ಡಾಲರ್‌ಗಳ ಸೇವೆಯೂ ಬಂತು.

ಈ ವ್ಯಾಪಾರದ ಭಾರ ಹೆಚ್ಚಾಗಿ ಬೀಳುವುದು ಗಂಡಸಿನ ಮೇಲೆ. ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಪ್ರಕಟಿಸಿದ ಅಮೆರಿಕದ ಸಮೀಕ್ಷೆಯ ಪ್ರಕಾರ, ಆನ್‌ಲೈನ್ ಡೇಟಿಂಗ್ ಬಳಸಿದ ಪುರುಷರಲ್ಲಿ ಶೇ. 41ರಷ್ಟು, ಮಹಿಳೆಯರಲ್ಲಿ ಶೇ. 29ರಷ್ಟು ಮಂದಿ ಹಣ ಪಾವತಿಸಿದ್ದರು. ಇತ್ತೀಚಿನ ಬಳಕೆದಾರರ ಪೈಕಿ ಶೇ. 64ರಷ್ಟು ಪುರುಷರು ಸಂದೇಶಗಳು ಬಾರದೆ ಆತ್ಮವಿಶ್ವಾಸ ಕುಂದಿದ್ದನ್ನು ಹೇಳಿಕೊಂಡರೆ, ಶೇ. 54ರಷ್ಟು ಮಹಿಳೆಯರು ಸಂದೇಶಗಳ ಮಹಾಪೂರದಿಂದ ಬೇಸತ್ತಿದ್ದರು.

ಒಂದೇ ನಾಣ್ಯದ ಎರಡು ಮುಖಗಳಿವು. ಉತ್ತರ ಸಿಗದ ಗಂಡಸು ಇನ್ನಷ್ಟು ಮಂದಿಗೆ ಮೆಚ್ಚುಗೆ ಸೂಚಿಸುತ್ತಾನೆ. ಆ ರಾಶಿ ಕಂಡು ಹೆಣ್ಣು ಇನ್ನಷ್ಟು ಬಿಗಿಯಾಗಿ ಆರಿಸುತ್ತಾಳೆ. ಅವನಿಗೆ ಮೌನ ಮತ್ತಷ್ಟು ದಟ್ಟವಾಗುತ್ತದೆ. ಆಗ ಪರದೆಯ ಮೇಲೆ ಪರಿಹಾರ ಕಾಣಿಸಿಕೊಳ್ಳುತ್ತದೆ, ಬೆಲೆಯ ಸಮೇತ.

ಅಪಾಯವಿರುವುದು ಜೇಬಿಗಿಂತ ಮನಸ್ಸಿಗೆ. ಚದುರಂಗದ ಆಟಗಾರರ ಶ್ರೇಯಾಂಕಕ್ಕೆ ಬಳಸುವ 'ಎಲೋ' ಮಾದರಿಯಲ್ಲಿ ಬಳಕೆದಾರರನ್ನು ಟಿಂಡರ್ ಒಮ್ಮೆ ಅಳೆಯುತ್ತಿತ್ತು. ಆ ಪದ್ಧತಿಯನ್ನು ಕೈಬಿಟ್ಟಿರುವುದಾಗಿ 2019ರಲ್ಲಿ ತಿಳಿಸಿತು. ಆದರೆ ತನ್ನನ್ನು ತಾನೇ ಅಂಕಿಗಳಲ್ಲಿ ಅಳೆಯುವ ಚಾಳಿ ಅಷ್ಟು ಸುಲಭವಾಗಿ ಬಿಡದು. ಯಂತ್ರದ ಲೆಕ್ಕಾಚಾರವನ್ನು ಯುವಕ ತನ್ನ ಪೌರುಷದ ಸೋಲೆಂದು ಓದಿಕೊಳ್ಳುತ್ತಾನೆ. ಕೆಲವರಲ್ಲಿ ಆ ನೋವು ಹೆಣ್ಣಿನ ಮೇಲಿನ ದ್ವೇಷವಾಗಿ ಹೆಪ್ಪುಗಟ್ಟುತ್ತದೆ. ಉತ್ತರಿಸದ ಹೆಣ್ಣು ಅವನಿಗೆ ಕಾಣುತ್ತಾಳೆ, ನಡುವೆ ಕುಳಿತ ವರ್ತಕ ಕಾಣುವುದಿಲ್ಲ.

ಜೋಡಿ ಕೂಡಿದರೆ ಗಿರಾಕಿಗಳಿಬ್ಬರು ನಷ್ಟ ಎಂಬುದು ಈ ಉದ್ಯಮದ ಮೂಲ ವೈರುಧ್ಯ. ಬಳಕೆದಾರರನ್ನು ಚಟಕ್ಕೆ ಬೀಳಿಸುವಂತೆ ಆ್ಯಪ್‌ಗಳನ್ನು ರೂಪಿಸಲಾಗಿದೆಯೆಂದು ಆರೋಪಿಸಿ 2024ರ ಪ್ರೇಮಿಗಳ ದಿನದಂದೇ ಟಿಂಡರ್‌ನ ಒಡೆತನದ ಮ್ಯಾಚ್ ಗ್ರೂಪ್ ವಿರುದ್ಧ ಅಮೆರಿಕದಲ್ಲಿ ದಾವೆ ಹೂಡಲಾಯಿತು. ಸಂಸ್ಥೆ ಆರೋಪವನ್ನು ತಳ್ಳಿಹಾಕಿತು. ಆದರೆ ಹಣ ತೆರುವವರ ಸಂಖ್ಯೆ ಇಳಿಮುಖವಾಗಿ, 2025ರ ಮೇ ತಿಂಗಳಲ್ಲಿ ಅದು ಶೇ. 13ರಷ್ಟು ಸಿಬ್ಬಂದಿ ಕಡಿತ ಪ್ರಕಟಿಸಬೇಕಾಯಿತು.

ಒಲವಿನಲ್ಲಿ ನಿರಾಕರಣೆ ಹಿಂದೆಯೂ ಇತ್ತು, ಮುಂದೆಯೂ ಇರುತ್ತದೆ. ಅದನ್ನು ಸಹಿಸುವುದನ್ನು ಗಂಡಸು ಕಲಿಯಬಲ್ಲ. ಆದರೆ ಯಾವುದು ಒಬ್ಬಳ ನಿರಾಕರಣೆ, ಯಾವುದು ಅಂಗಡಿಯ ಲೆಕ್ಕಾಚಾರ ಎಂಬುದನ್ನು ಆತ ಮೊದಲು ಗುರುತಿಸಬೇಕಿದೆ.